ಸೋದರಮಾವ ಜ್ಞಾನತಂದೆಯಾದದ್ದು

ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಬಂದವರು ಕಾಫಿ ಕುಡಿದು, ಗೋಡೆಯ ಮೇಲಿನ ಸಂತರ ಪಟಗಳನ್ನೆಲ್ಲ ನೋಡಿ ಮುಗಿಸಿ, ಕೊನೆಗೆ ಕೇಳುವುದು ಒಂದೇ ಮಾತು: "ತಾತಾ, ಈ ಕೆಲಸದಲ್ಲಿ ಕಷ್ಟದ್ದು ಯಾವುದು?" ಹೆಣ ಹೂಳುವುದು, ದಾಯಾದಿಗಳ ಜಗಳ ಬಿಡಿಸುವುದು, ಬಿಷಪ್ಪರು ಬರುವ ದಿನ ಊರಿನ ನಾಯಿಗಳನ್ನೆಲ್ಲ ಕಟ್ಟಿಹಾಕಿಸುವುದು, ಇಂಥದ್ದೇನಾದರೂ ಹೇಳುತ್ತೇನೆಂದು ಕಾಯುತ್ತಾರೆ. ನಾನು ಹೇಳುವುದು ಬೇರೆ. ಹುಟ್ಟಿದ ಕೂಸಿಗೆ ಜ್ಞಾನಸ್ನಾನ ಕೊಡಿಸುವಾಗ ಅದನ್ನು ಎತ್ತಿಕೊಳ್ಳಲು ಯೋಗ್ಯನಾದ ಒಬ್ಬ ಗಂಡಸನ್ನು ಹುಡುಕಿ ತೆಗೆಯುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಕಂಡಿಲ್ಲ.

ನಮ್ಮದು ದೇವನಹಳ್ಳಿ ಸೀಮೆ. ಪಾದ್ರಿ ಸ್ವಾಮಿಯವರು ಒಬ್ಬರೇ, ಹಳ್ಳಿಗಳು ಹತ್ತಾರು. ಅವರು ಸೈಕಲ್ ಮೇಲೆ ಒಂದೊಂದು ಊರಿಗೂ ಸರದಿಯಂತೆ ಬಂದು ಪೂಜೆ ಕೊಟ್ಟು ಹೋಗುತ್ತಿದ್ದರು. ಉಳಿದ ದಿನ ಗಂಟೆ ಹೊಡೆಯುವವನು, ಜಪ ಹೇಳಿಸುವವನು, ಮಕ್ಕಳಿಗೆ ಧರ್ಮ ಕಲಿಸುವವನು, ಸಾಯುವವನ ಕಿವಿಯಲ್ಲಿ ದೇವರ ಹೆಸರು ಕೂಗುವವನು ಉಪದೇಶಿ. ನಮ್ಮ ತಾತ ಉಪದೇಶಿ, ನಮ್ಮಪ್ಪ ಉಪದೇಶಿ, ಆಮೇಲೆ ನಾನು. ತಾತ ಬಲು ಕಟ್ಟುನಿಟ್ಟಿನ ಮನುಷ್ಯ. ಮಂತ್ರ ತಪ್ಪಿದರೆಂದು ಸ್ವಂತ ಬೀಗರನ್ನೇ ದೇವಾಲಯದ ಬಾಗಿಲಿಂದ ಹಿಂದಕ್ಕೆ ಕಳಿಸಿದವರು. "ಕಾನೂನು ಗೊತ್ತಿದ್ದೂ ಬಾಯಿ ಬಿಡದವನು ಉಪದೇಶಿಯಲ್ಲ" ಎಂಬ ಅವರ ಮಾತನ್ನು ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಹೇಳುವ ಜಪದಷ್ಟೇ ಭಕ್ತಿಯಿಂದ ಹೇಳುತ್ತಿದ್ದರು. ನನಗೆ ಸಾಕುಸಾಕಾಗಿತ್ತು.

ಜ್ಞಾನತಂದೆಯೆಂದರೆ ಕೂಸಿನ ಪರವಾಗಿ ಸೈತಾನನನ್ನು ಬಿಟ್ಟೆನೆಂದು ಹೇಳಿ, ಮುಂದೆ ಅದಕ್ಕೆ ಧರ್ಮ ಕಲಿಸುವ ಹೊಣೆ ಹೊರುವವನು. ಅವನು ಕಥೋಲಿಕನಾಗಿರಬೇಕು, ತೀರ ಚಿಕ್ಕವನಾಗಿರಬಾರದು, ಹೆತ್ತ ಅಪ್ಪನೇ ಆಗಿರಬಾರದು. ಮಂತ್ರಗಳು ಬಾಯಿಗೆ ಬರಬೇಕು. ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಕಾಲದಲ್ಲಿ ಪಾಪನಿವೇದನೆ ಮಾಡಿ ಪ್ರಸಾದ ತೆಗೆದುಕೊಂಡಿರಬೇಕು. ಇದರ ಮೇಲೆ ಊರಿಗೆಲ್ಲ ಗೊತ್ತಾಗುವ ಹಾಗೆ ಕೆಟ್ಟು ನಡೆದಿರಬಾರದು. ಈ ಕೊನೆಯ ಮಾತಿನಲ್ಲಿ ದೊಡ್ಡ ಔದಾರ್ಯವಿದೆ, ಗಮನಿಸಿ. ಊರಿಗೆ ಗೊತ್ತಾಗದ ಹಾಗೆ ಕೆಟ್ಟಿದ್ದರೆ ಅಡ್ಡಿಯಿಲ್ಲ. ಆ ಔದಾರ್ಯವೊಂದಿಲ್ಲದಿದ್ದರೆ ಬೂದಿಗೆರೆಯಿಂದ ಆವತಿಯವರೆಗೆ ಒಂದು ಕೂಸಿಗೂ ಜ್ಞಾನತಂದೆ ಸಿಗುತ್ತಿರಲಿಲ್ಲ.

ಈಗಿನವರಿಗೆ ಸುಖ. ತಮ್ಮ ಊರಿನ ಗುರುಗಳ ಹತ್ತಿರ ಮೊಹರು ಹಾಕಿಸಿಕೊಂಡು ಒಂದು ಕಾಗದ ತಂದರೆ ಯೋಗ್ಯತೆ ಸಾಬೀತಾಯಿತು. ಆಗ ಕಾಗದದ ಮಾತೇ ಇರಲಿಲ್ಲ. ಮನುಷ್ಯನನ್ನೇ ಎದುರಿಗೆ ನಿಲ್ಲಿಸಿಕೊಂಡು ನೋಡಬೇಕು. ಸಂತೆಯಲ್ಲಿ ದನ ಕೊಳ್ಳುವವನು ಹಲ್ಲು ಹಿಡಿದು ನೋಡುವುದಿಲ್ಲವೇ, ಹಾಗೆ. ಒಬ್ಬನನ್ನು "ದೇವರು ಎಲ್ಲೆಲ್ಲಿ ಇದ್ದಾನಪ್ಪ?" ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚನೆ ಮಾಡಿ, "ನಮ್ಮ ಪಟೇಲ್ರ ಮನೆ ಒಂದು ಬಿಟ್ಟು ಎಲ್ಲಾ ಕಡೆ ಅವ್ನೆ" ಎಂದ. ಪಟೇಲರ ವಿಷಯ ನನಗೂ ಗೊತ್ತಿದ್ದರಿಂದ ಅವನನ್ನು ಪಾಸು ಮಾಡಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನಿಂದ ಒಂದು ದೊಡ್ಡ ಎಡವಟ್ಟಾಯಿತು. ಹೊಸಕೋಟೆ ಕಡೆಯಿಂದ ಒಬ್ಬ ಮೇಷ್ಟರು ನೆಂಟರ ಮಗುವಿಗೆ ಜ್ಞಾನತಂದೆಯಾಗಲು ಬಂದರು. ಬಿಳಿ ಅಂಗಿ, ಗಂಭೀರವಾದ ಮುಖ. ಪ್ರಶ್ನೆ ಕೇಳಿದರೆ ಸಾಕು, ನೀರು ಕುಡಿದಂತೆ ಉತ್ತರ. ಬೈಬಲ್ಲಿನ ಮಾತುಗಳನ್ನು ಅಧ್ಯಾಯದ ಸಮೇತ ಹೇಳುತ್ತಿದ್ದರು. ಹಾಡು ಹೇಳಿ ಎಂದರೆ ಎಂಟು ಚರಣ ಹಾಡಿದರು. ನಾನು ಬೆರಗಾಗಿ, ಇಂಥ ಕಥೋಲಿಕನನ್ನು ಇದುವರೆಗೆ ನೋಡಿಲ್ಲ ಸ್ವಾಮಿ, ಎಂದು ಸ್ವಾಮಿಯವರಿಗೆ ಹೇಳಿದೆ. ನೋಡಿರದಿದ್ದಕ್ಕೆ ಕಾರಣವಿತ್ತು. ಅವರು ಪ್ರೊಟೆಸ್ಟೆಂಟರು. ಜ್ಞಾನಸ್ನಾನ ಮುಗಿದು ಊಟಕ್ಕೆ ಕುಳಿತಾಗ ಅವರೇ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಯಾರೂ ಕೇಳಿರಲಿಲ್ಲವಂತೆ.

ಸ್ವಾಮಿಯವರು ಫ್ರಾನ್ಸ್ ದೇಶದವರು. ಎದೆ ಮುಟ್ಟುವ ಗಡ್ಡ, ಪುಸ್ತಕದ ಕನ್ನಡ, ಮೂಗಿನ ತುದಿಯಲ್ಲಿ ಸಿಟ್ಟು. ಅಂದು ನನ್ನನ್ನು ಕರೆದು, "ಉಪದೇಶಿಯೇ, ಇಷ್ಟೊಂದು ಬೈಬಲ್ ತಿಳಿದವನು ನಮ್ಮವನಲ್ಲವೆಂದು ನಿನಗೆ ಸಂಶಯ ಬರಲಿಲ್ಲವೇ?" ಎಂದರು. ಬರಬೇಕಿತ್ತು. ಅಂದಿನಿಂದ ಅವರು ಒಂದು ಕಟ್ಟಳೆ ಮಾಡಿದರು. ವಿಚಾರಣೆ ಮಾಡಿ ಹೆಸರು ಹೇಳುವುದು ಉಪದೇಶಿ, ಆದರೆ ಮಂತ್ರದ ಪರೀಕ್ಷೆ ಸ್ವಾಮಿಯವರ ಮುಂದೆಯೇ. ಇದರಿಂದ ನನ್ನ ಮಾನ ಹೋಯಿತು, ಕೆಲಸ ಹಗುರವಾಯಿತು.

ಇನ್ನು ಇನ್ನಾಸಪ್ಪನ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ಕೆಲಸದಲ್ಲಿ ನಾನು ಹೆಮ್ಮೆಪಡುವುದು ಇದೊಂದಕ್ಕೇ.

ಅವನ ತಾಯಿ ಮಗ್ದಲಮ್ಮ ಆವತಿ ಕಡೆಯ ಒಂದು ಹಳ್ಳಿಯವಳು. ಊರಿನ ಹೆಸರು ಹೇಳುವುದಿಲ್ಲ. ಅವರ ಮೊಮ್ಮಕ್ಕಳು ಮರಿಮಕ್ಕಳು ಅಲ್ಲೇ ಇದ್ದಾರೆ, ನಾನು ಇವತ್ತಿಗೂ ಬಸ್ಸಿಗೆ ಅಲ್ಲೇ ಇಳಿಯಬೇಕು. ಆ ಮನೆಯಲ್ಲಿ ಹೆಣ್ಣು ಕೊಡುವುದೆಂದರೆ ಬಲಗೈಯಿಂದ ತೆಗೆದು ಎಡಗೈಗೆ ಕೊಟ್ಟ ಹಾಗೆ. ಮಗ್ದಲಮ್ಮನನ್ನು ಕೊಟ್ಟಿದ್ದು ಆಕೆಯ ಸ್ವಂತ ಸೋದರಮಾವನಿಗೆ. ಆಕೆಗೆ ಆಗ ಹದಿಮೂರು, ಮಾವನಿಗೆ ಮೂವತ್ತು ದಾಟಿತ್ತು. ಆಕೆ ತನ್ನ ಮಗಳು ತೆರೇಜಮ್ಮನನ್ನು ಕೊಟ್ಟಿದ್ದು ತನ್ನ ಒಡಹುಟ್ಟಿದ ತಮ್ಮ ಚೌರಪ್ಪನಿಗೆ. ತೆರೇಜಮ್ಮ ಬೆಂಗಳೂರಿನಲ್ಲಿ ಕನ್ಯಾಸ್ತ್ರೀಯರ ಕಾನ್ವೆಂಟಿನಲ್ಲಿ ಓದುತ್ತಿದ್ದಳು. ಓದು ಚೆನ್ನಾಗಿ ಹತ್ತುತ್ತಿದೆ ಎಂದು ಅವರು ಹೇಳಿಕಳಿಸಿದ ವರ್ಷವೇ ಮನೆಯವರು ಹೋಗಿ ಕರೆದುಕೊಂಡು ಬಂದು ಮದುವೆ ಮಾಡಿದರು. ಇಂಥ ಮದುವೆಗೆ ಬಿಷಪ್ಪರ ಅಪ್ಪಣೆ ಬೇಕು. ಕಾಡಿ ಬೇಡಿ ತರಿಸಿಕೊಳ್ಳುತ್ತಿದ್ದರು. ಕೊಡದಿದ್ದರೆ ಹಾಗೇ ಕೂಡಿಕೊಂಡುಬಿಡುತ್ತಾರೆಂಬ ಹೆದರಿಕೆಗೆ ಮೇಲಿನವರೂ ಕೊಡುತ್ತಿದ್ದರು.

ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ಕಾಲ. ತೆರೇಜಮ್ಮನಿಗೆ ಚೊಚ್ಚಲು ಹೆಣ್ಣು ಕೂಸಾಯಿತು. ಅದರ ಹೊಕ್ಕುಳು ಕೊಯ್ದು ಮುಗಿಸುವ ಮೊದಲೇ ಮಗ್ದಲಮ್ಮ ಹೊರಗೆ ಬಂದು ಜಗುಲಿಯ ಮೇಲೆ ನಿಂತು ಸಾರಿದಳಂತೆ: "ಇವ್ಳು ನಮ್ಮ ಇನ್ನಾಸನಿಗೆ!" ಇನ್ನಾಸಪ್ಪ ಆಕೆಯ ಕಿರಿಯ ಮಗ, ತೆರೇಜಮ್ಮನ ತಮ್ಮ, ಅಂದರೆ ಕೂಸಿಗೆ ಸೋದರಮಾವ. ಹದಿನೇಳು ವರ್ಷ. ದೇವನಹಳ್ಳಿಯಿಂದ ಬೆಂಗಳೂರಿಗೆ ಆಲೂಗಡ್ಡೆ, ಚಕ್ಕೋತ ಸಾಗಿಸುವ ಗಾಡಿ ಹೊಡೆಯುತ್ತಿದ್ದ. ಒಳ್ಳೆಯ ಹುಡುಗ. ಅವನ ತಲೆಯಲ್ಲಿ ಎರಡು ಎತ್ತುಗಳಿಗೆ ಮಾತ್ರ ಜಾಗವಿತ್ತು.

ಜ್ಞಾನಸ್ನಾನದ ಮಾತಿಗೆ ನಾನು ಅವರ ಮನೆಗೆ ಹೋದೆ. ಮಗ್ದಲಮ್ಮ ಮಣೆ ಹಾಕಿ ಕೂರಿಸಿದಳು. ತೆರೇಜಮ್ಮ ಬಾಣಂತಿ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಬಾಗಿಲಿಗೆ ಹಳೇ ಸೀರೆಯ ಪರದೆ, ಅದು ಅರ್ಧ ಸರಿದಿತ್ತು.

"ಜ್ಞಾನತಂದೆ ಯಾರು ಅಂತ ಯೋಚನೆ ಮಾಡಿದ್ದೀರಾ?" ಎಂದೆ.

"ಯೋಚ್ನೆ ಏನೈತೆ ಉಪದೇಶಪ್ಪ? ಸೋದರಮಾವ ಇರೋವಾಗ ಬೇರೆಯವನು ಯಾಕೆ? ನಮ್ಮ ಇನ್ನಾಸನೇ ಎತ್ಕೊಳ್ತಾನೆ."

ನನಗೆ ಗಾಬರಿಯಾಯಿತು. ಯಾಕೆಂದರೆ ಆಗಿನ ಕಾನೂನಿನಲ್ಲಿ ಒಂದು ಮಾತಿತ್ತು. ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡವನಿಗೂ ಆ ಕೂಸಿಗೂ ಅಪ್ಪ ಮಗಳ ಸಂಬಂಧ ಬೀಳುತ್ತದೆ. ರಕ್ತದ್ದಲ್ಲ, ಆತ್ಮದ್ದು. ಅವರಿಬ್ಬರಿಗೆ ಮುಂದೆ ಮದುವೆಯಿಲ್ಲ. ಓದಿದವರು ಅದಕ್ಕೂ ಬಿಷಪ್ಪರ ಅಪ್ಪಣೆ ಸಿಗುತ್ತದೆಂದು ವಾದಿಸಬಹುದು. ಸಿಗುತ್ತದೆ. ಆದರೆ ಅಪ್ಪಣೆ ಬೇಕೆಂದು ಮೇಲಕ್ಕೆ ಬರೆಯಬೇಕಾದವರು ನಮ್ಮ ಗಡ್ಡದ ಸ್ವಾಮಿಯವರು. ಮಾವ ಸೊಸೆಯ ಮದುವೆ ಎಂದರೇ ಅವರಿಗೆ ಮೈ ಉರಿಯುತ್ತಿತ್ತು. ಒಂದು ಅಡ್ಡಿಯ ಮೇಲೆ ಇನ್ನೊಂದು ಕೂತರೆ ಅವರು ಲೇಖನಿ ಮುಟ್ಟುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೆಣ್ಣು ಕೂಸುಗಳಿಗೆ ಮದುವೆಯಾಗುವ ವರಸೆಯ ಗಂಡನ್ನು ನಿಲ್ಲಿಸಬೇಡಿ ಎಂದು ಮೊದಲೇ ಎಚ್ಚರ ಹೇಳುವುದು ಉಪದೇಶಿಯ ಕೆಲಸ. ತಾತನ ಕಾಲದಿಂದ ನಡೆದು ಬಂದದ್ದು.

ಮಗ್ದಲಮ್ಮನ ಲೆಕ್ಕಾಚಾರ ಇದಕ್ಕೆ ಪೂರಾ ಉಲ್ಟಾ. ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಮಾವನ ಹಕ್ಕು ಅದು.

"ಕಿವಿ ಚುಚ್ಚೋದಕ್ಕೆ ಅವನ ತೊಡೆ, ಜ್ಞಾನಸ್ನಾನಕ್ಕೆ ಅವನ ಕೈ," ಎಂದು ಆಕೆ ನನಗೇ ಪಾಠ ಹೇಳಿದಳು. "ದೇವರ ಮುಂದೆನೇ ಒಂದ್ಸಲ ಕೈ ಬಿದ್ಬಿಟ್ರೆ ಆಮೇಲೆ ಯಾವ ನನ್ಮಗನೂ ಈ ಕಡೆ ಕಣ್ಣು ಹಾಕಲ್ಲ. ಹೆಣ್ಣು ಮನೇಲೇ ಉಳೀತದೆ, ಹೊಲಾನೂ ಒಡೆಯಲ್ಲ."

"ಇಷ್ಟು ಸಣ್ಣ ಕೂಸಿಗೆ ಈಗಲೇ ಯಾಕಮ್ಮ ಆ ಮಾತು?"

"ಯಾಕೆ? ನನ್ನ ಕೊಡ್ಲಿಲ್ವಾ? ಇವ್ಳನ್ನ ಕೊಡ್ಲಿಲ್ವಾ? ನಂಗೇನಾಗೈತೆ? ಕಲ್ಲುಗುಂಡಿನಂಗೆ ಇದೀನಿ."

ನಾನು ಗಂಟಲು ಸರಿಮಾಡಿಕೊಂಡು, "ಮಗ್ದಲಮ್ಮ, ಅದರಲ್ಲಿ ಒಂದು ವಿಷಯ ಇದೆ" ಎಂದು ಶುರು ಮಾಡಿದೆ. ಅಷ್ಟರಲ್ಲಿ ಪರದೆಯ ಹಿಂದಿನಿಂದ ತೆರೇಜಮ್ಮ ಮಾತಾಡಿದಳು. ಅವಳಿಗೆ ಆಗ ಹದಿನೆಂಟೋ ಹತ್ತೊಂಬತ್ತೋ.

"ಉಪದೇಶಿಗಳೇ, ಅವ್ವ ಹೇಳಿದ ಹಾಗೇ ಆಗ್ಲಿ. ನನ್ನ ತಮ್ಮನೇ ಎತ್ಕೊಳ್ಳಿ."

"ಅಲ್ಲಮ್ಮ, ಆದರೆ..."

"ಆದರೆ ಏನು ಅಂತ ನಂಗೂ ಗೊತ್ತು. ಸಿಸ್ಟರುಗಳು ಪಾಠ ಮಾಡಿದಾರೆ. ಪೂರ್ತಿ ಗೊತ್ತು."

ಹೇಳಿ ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಕೂಸಿನ ಮೇಲೆ ಒಂದು ಕೈ ಇಟ್ಟು, ಕಣ್ಣು ಮಿಟುಕಿಸದೆ, ಇವನು ಗಂಡಸೋ ಅಲ್ಲವೋ ನೋಡೇಬಿಡೋಣ ಎನ್ನುವಂತೆ ನೋಡಿದಳು. ನನಗೆ ವಿಷಯ ಅರ್ಥವಾಯಿತು. ಅವಳಿಗೆ ಆಗಿದ್ದು ಅವಳ ಮಗಳಿಗೆ ಆಗಬಾರದು. ಬಾಣಂತಿಗೆ ಆ ಮನೆಯಲ್ಲಿ ಬೇಡ ಎನ್ನುವ ಬಾಯಿಲ್ಲ. ಅವಳ ಹತ್ತಿರ ಇರುವುದು ಕಾನ್ವೆಂಟಿನಲ್ಲಿ ಕಲಿತ ಒಂದೇ ಒಂದು ಕಾನೂನು, ಅದನ್ನು ನಡೆಸಿಕೊಡಲು ಹೊರಟಿರುವವಳು ಅದನ್ನು ತಿಳಿಯದ ಅವಳ ತಾಯಿಯೇ. ನಡುವೆ ಬಾಯಿ ಹಾಕಬಲ್ಲವನು ನಾನೊಬ್ಬ.

"ಏನೋ ವಿಷಯ ಐತೆ ಅಂದ್ಯಲ್ಲಪ್ಪ?" ಎಂದಳು ಮಗ್ದಲಮ್ಮ.

ತಾತನ ಮಾತು ನೆನಪಾಯಿತು. ಮಜ್ಜಿಗೆಯ ಲೋಟ ಎತ್ತಿ ಕುಡಿದೆ. "ಏನಿಲ್ಲಮ್ಮ, ಮಂತ್ರಗಳ ಪರೀಕ್ಷೆ ಇರುತ್ತೆ. ಅವನಿಗೆ ವಿಶ್ವಾಸ ಮಂತ್ರ ಬರುತ್ತಾ?" ಎಂದೆ.

"ಬರದೆ ಏನು!" ಎಂದಳು ಆಕೆ.

ಬರುತ್ತಿರಲಿಲ್ಲ. ಶುಕ್ರವಾರ ಸಾಯಂಕಾಲ ಸ್ವಾಮಿಯವರು ಬಂದರು. ಭಾನುವಾರ ಜ್ಞಾನಸ್ನಾನ. ಇನ್ನಾಸಪ್ಪನನ್ನು ಮುಂದೆ ನಿಲ್ಲಿಸಿದೆ. ಪರಲೋಕ ಜಪ ಹೇಗೋ ದಾಟಿದ. ವಿಶ್ವಾಸ ಮಂತ್ರಕ್ಕೆ ಬಂದಾಗ ಏಸುಸ್ವಾಮಿ ಹುಟ್ಟುವವರೆಗೆ ಚೆನ್ನಾಗಿ ಹೋಗಿ, ಅಲ್ಲಿಂದ ಒಂದೇ ನೆಗೆತಕ್ಕೆ ಸಮಾಧಿಗೆ ಹೋದ. ನಡುವೆ ಏಸುವಿಗೆ ಮರಣದಂಡನೆ ಕೊಟ್ಟ ಪಿಲಾತನೂ ಶಿಲುಬೆಯೂ ಮಾಯ. ಮೂರು ಸಲ ಹೇಳಿಸಿದರೂ ಪಿಲಾತ ಬರಲಿಲ್ಲ. ಸ್ವಾಮಿಯವರು ಗಡ್ಡ ನೀವಿಕೊಂಡು, "ನಮ್ಮ ಕರ್ತನನ್ನು ಇವನು ಯಾವ ಕಾಯಿಲೆಯಿಂದ ಸಾಯಿಸುತ್ತಿದ್ದಾನೆ?" ಎಂದು ಕೇಳಿ, ನಾಳೆ ಕೊನೆಯ ಅವಕಾಶ, ಇಲ್ಲದಿದ್ದರೆ ಬೇರೆ ಜ್ಞಾನತಂದೆಯನ್ನು ನೋಡು ಎಂದರು.

ಇಷ್ಟು ಹೊತ್ತಿಗೆ ಈ ವಿಚಾರದಲ್ಲಿ ನನಗೆ ಹುಚ್ಚೇ ಹಿಡಿದಿತ್ತು. ಜ್ಞಾನತಂದೆಯರನ್ನು ಸೋಸಿ ತೆಗೆಯುವವನು ನಾನು. ಅಂಥ ನಾನು ಒಬ್ಬ ದಡ್ಡನನ್ನು ಹೇಗಾದರೂ ಪಾಸು ಮಾಡಿಸು ತಂದೆ ಎಂದು ಸಂತ ಅಂತೋಣಿಯವರ ಮುಂದೆ ಮೊಂಬತ್ತಿ ಹಚ್ಚಿದೆ. ಆದರೆ ನನಗಿಂತ ದೊಡ್ಡ ಸಹಾಯ ಮಗ್ದಲಮ್ಮನಿಂದ ಬಂತು. ಶನಿವಾರ ಬೆಳಿಗ್ಗೆ ನಾನು ಹೋದಾಗ ಆಕೆ ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿ ಮುದ್ದೆ ತೊಳಸುವ ಕೋಲು. ಇನ್ನಾಸಪ್ಪನ ತಟ್ಟೆಯಲ್ಲಿ ಬಿಸಿ ಬಿಸಿ ಮುದ್ದೆ, ಸೊಪ್ಪಿನ ಸಾರು. ಅವನು ಕೈ ಹಾಕಿದರೆ ತಟ್ಟೆ ಹಿಂದಕ್ಕೆ ಹೋಗುತ್ತಿತ್ತು.

"ಪಿಲಾತನ್ನ ಹೇಳು, ಆಮೇಲೆ ಮುದ್ದೆ."

"ಅವ್ವ, ಹಸಿವು ಕಣವ್ವ."

"ಪಿಲಾತ!"

"ಯಾರವ್ವ ಅವ್ನು? ನಮಗೇನಾಗ್ಬೇಕು?"

"ನಿನ್ನ ಹೆಂಡ್ತಿ ಕೊಡಿಸೋನು ಕಣೋ, ಮಂಕೇ! ಹೇಳೋ!"

ಪರದೆಯ ಹಿಂದೆ ತೆರೇಜಮ್ಮ ಕೂಸಿಗೆ ಹಾಲು ಕೊಡುತ್ತಾ, ತಮ್ಮ ತಪ್ಪಿದಾಗಲೆಲ್ಲ ಮೆಲ್ಲಗೆ ಸಾಲು ಎತ್ತಿಕೊಡುತ್ತಿದ್ದಳು. ತಾಯಿ ಮದುವೆ ಗಟ್ಟಿ ಮಾಡಲು ಪಾಠ ಹೇಳುತ್ತಿದ್ದಾಳೆ, ಮಗಳು ಅದೇ ಮದುವೆ ಮುರಿಯಲು ಅದೇ ಪಾಠ ಹೇಳುತ್ತಿದ್ದಾಳೆ. ನನಗೆ ನಗು ತಡೆಯಲಾಗದೆ ಹೊರಗೆ ಬಂದು ಎತ್ತಿನ ಮೈ ಸವರುತ್ತಾ ನಿಂತೆ.

ಸಾಯಂಕಾಲ ಪರೀಕ್ಷೆಯಲ್ಲಿ ಇನ್ನಾಸಪ್ಪ ಕಣ್ಣು ಮುಚ್ಚಿ, ಮುಷ್ಟಿ ಬಿಗಿಹಿಡಿದು, ಪಿಲಾತನ ಅಧಿಕಾರದಲ್ಲಿ ಪಾಡುಪಟ್ಟು ಎಂಬ ಸಾಲನ್ನು ಕೂಗಿಯೇ ಹೇಳಿದ. ಸ್ವಾಮಿಯವರು ಖುಷಿಯಾದರು. "ಪಿಲಾತನು ಯಾರು?" ಎಂದು ಕೇಳಿದರು. ಅದು ಬಾಯಿಪಾಠದಲ್ಲಿ ಇರಲಿಲ್ಲ.

"ಅಮಲ್ದಾರ್ರು ಇರ್ಬೇಕು ಸ್ವಾಮಿ."

"ಏಕೆ?"

"ತಪ್ಪಿಲ್ಲ ಅಂತ ಅವ್ರಿಗೂ ಗೊತ್ತಿತ್ತು. ಆದ್ರೂ ಕೈ ತೊಳ್ಕೊಂಡ್ರು ಅಂತ ಅಕ್ಕ ಹೇಳಿದ್ಲು."

ಸ್ವಾಮಿಯವರ ಗಡ್ಡ ಅಲುಗಿತು. ನಗುತ್ತಿದ್ದಾರೆಂದು ಗೊತ್ತಾಯಿತು. ಆದರೆ ಅವರು ಸುಲಭಕ್ಕೆ ಬಿಡುವ ಜನವಲ್ಲ. ಇನ್ನೊಂದು ವಿಷಯ ಅವರ ಕಿವಿಗೆ ಬಿದ್ದಿತ್ತು. ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂದಾಗ ಇನ್ನಾಸಪ್ಪ ಊರ ಹೊರಗಿನ ಮಾರಮ್ಮನ ಗುಡಿಯ ಪೂಜಾರಿಯಿಂದ ತಾಯಿತ ಮಂತ್ರಿಸಿಕೊಂಡು ತಂದಿದ್ದ. ಕಥೋಲಿಕನಿಗೆ ಇದು ಊರಿಗೆಲ್ಲ ಗೊತ್ತಾದ ತಪ್ಪು. ಜ್ಞಾನತಂದೆಯ ಯೋಗ್ಯತೆ ಅಲ್ಲಿಗೆ ಮುಗಿಯುತ್ತದೆ. ಸ್ವಾಮಿಯವರು ಗುಡುಗಿದರು:

"ನೀನು ತಾಯಿತವನ್ನು ಕಟ್ಟಿಸಿದೆಯೋ ಇಲ್ಲವೋ?"

"ಕಟ್ಟಿಸ್ದೆ ಸ್ವಾಮಿ."

ನಾನು ಸಂತ ಅಂತೋಣಿಯವರ ಕಡೆ ನೋಡಿದೆ.

"ಆದ್ರೆ ನಾನು ಕಟ್ಕೊಳ್ಳಲಿಲ್ಲ ಸ್ವಾಮಿ. ಎತ್ತಿನ ಕೊಂಬಿಗೆ ಕಟ್ದೆ. ಎತ್ತು ಕಥೋಲಿಕ ಅಲ್ಲ."

ಸ್ವಾಮಿಯವರು ಗಡ್ಡ ಹಿಡಿದುಕೊಂಡು ಸೂರಿನ ಕಡೆ ನೋಡಿದರು. ಪ್ಯಾರಿಸ್ಸಿನಲ್ಲಿ ಓದಿದ ದೇವಶಾಸ್ತ್ರವನ್ನೆಲ್ಲ ತಿರುವಿ ಹಾಕಿರಬೇಕು. ಕೊನೆಗೆ, "ಎತ್ತಿಗೆ ಜ್ಞಾನಸ್ನಾನವಾಗಿಲ್ಲ. ನಿಜ" ಎಂದರು. ಅಲ್ಲೇ ಮೂಲೆಯಲ್ಲಿ ಮೊಣಕಾಲೂರಿಸಿ ಪಾಪನಿವೇದನೆ ಕೇಳಿದರು. ಅದು ಮುಗಿಯಲು ಬೇಕಾದಷ್ಟು ಹೊತ್ತು ಹಿಡಿಯಿತು, ಅವನಿಗೆ ಪಾಪ ನೆನಪಾಗುತ್ತಿರಲಿಲ್ಲವಂತೆ. ಆಮೇಲೆ ನನ್ನ ಕಡೆ ತಿರುಗಿದರು.

"ಉಪದೇಶಿಯೇ, ಇವನು ಜ್ಞಾನತಂದೆಯಾಗಲು ಏನಾದರೂ ಅಡ್ಡಿ ಉಂಟೋ?"

"ಜ್ಞಾನತಂದೆಯಾಗಲು ಯಾವ ಅಡ್ಡಿಯೂ ಇಲ್ಲ ಸ್ವಾಮಿ" ಎಂದೆ. ಅವರು ಕೇಳಿದ್ದು ಅಷ್ಟೇ, ನಾನು ಹೇಳಿದ್ದೂ ಅಷ್ಟೇ. ಆಮೇಲೆ ಅವನು ಏನಾಗಲಾರ ಎಂದು ಯಾರೂ ಕೇಳಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಜ್ಞಾನಸ್ನಾನ. ಬಾಣಂತಿಯರು ಆಗ ದೇವಾಲಯಕ್ಕೆ ಬರುವಂತಿರಲಿಲ್ಲ. ತೆರೇಜಮ್ಮ ಮನೆಯಲ್ಲೇ ಇದ್ದಳು. ಕೂಸನ್ನು ತಂದವಳು ಮಗ್ದಲಮ್ಮ, ರೇಷ್ಮೆ ಸೀರೆ ಉಟ್ಟು. ಕೂಸಿಗೆ ರೀತಾ ಎಂದು ಹೆಸರಿಡಬೇಕೆಂದು ತಾಯಿ ಹೇಳಿಕಳಿಸಿದ್ದಳು. ಆಗದ ಕೆಲಸಗಳನ್ನು ಆಗಿಸಿಕೊಡುವ ಸಂತಳು ಆಕೆ. ಮಗ್ದಲಮ್ಮನಿಗೆ ಆ ಹೆಸರು ಮುದ್ದಾಗಿದೆ ಎನಿಸಿತು, ಅಷ್ಟೇ.

ನೀರು ಹೊಯ್ಯುವಾಗ ಜ್ಞಾನತಂದೆ ಕೂಸನ್ನು ಹಿಡಿದಿರಲೇಬೇಕು. ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿದರೆ ಸಾಲದು, ಮೈ ಮುಟ್ಟದಿದ್ದರೆ ಅವನು ಜ್ಞಾನತಂದೆಯೇ ಅಲ್ಲ, ಸಂಬಂಧವೂ ಬೀಳುವುದಿಲ್ಲ. ನಮ್ಮ ಇನ್ನಾಸಪ್ಪ ಮೂಟೆ ಎತ್ತುವವನು, ಕೂಸು ಎತ್ತಿ ಗೊತ್ತಿಲ್ಲ. ಸ್ವಾಮಿಯವರು ವಿಧಿಯಂತೆ ನಾಲಿಗೆಗೆ ಉಪ್ಪು ಇಟ್ಟೊಡನೆ ಕೂಸು ಕಿಟಾರನೆ ಕಿರುಚಿತು. ಅವನು ಬೆದರಿ ಅದನ್ನು ತಾಯಿಯ ಕೈಗೇ ತಳ್ಳಿ ಎರಡು ಹೆಜ್ಜೆ ಹಿಂದೆ ಸರಿದ.

"ನೀನೇ ಇಟ್ಕೊಳವ್ವ. ನಂಗೆ ಭಯ. ಬಿದ್ದೋದ್ರೆ?"

ಸ್ವಾಮಿಯವರ ಕೈಯಲ್ಲಿ ನೀರಿನ ಪಾತ್ರೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಕೂಸು ಮಗ್ದಲಮ್ಮನ ಕೈಯಲ್ಲಿ. ಆ ಗಳಿಗೆಯಲ್ಲಿ ನೀರು ಬಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ತೆರೇಜಮ್ಮನ ಕಣ್ಣು ನೆನಪಾಯಿತು. ನಾನು ಏನಾದರೂ ಹೇಳುವ ಮೊದಲೇ ಮಗ್ದಲಮ್ಮ ಮಗನ ರಟ್ಟೆ ಹಿಡಿದು ಎಳೆದು, ಕೂಸನ್ನು ಅವನ ಎದೆಗೆ ಒತ್ತಿ, ಅವನ ಎರಡೂ ಕೈಗಳನ್ನು ತಾನೇ ತಂದು ಅದರ ಸುತ್ತ ಹಾಕಿದಳು.

"ಗಟ್ಟಿಯಾಗಿ ಹಿಡ್ಕೊಳೋ! ನಿನ್ನದೇ ಕಣೋ ಅದು, ನಿನ್ನದು!"

ನೀರು ಬಿತ್ತು.

ಅವರ ಮನೆಗೆ ನಾನೂ ಜೊತೆಯಲ್ಲೇ ಹೋದೆ. ಕೂಸನ್ನು ಒಳಗೆ ಕೊಟ್ಟರು. ಮಗ್ದಲಮ್ಮ ಪಾಯಸದ ಕಡೆ ಹೋದದ್ದೇ ತಡ, ತೆರೇಜಮ್ಮ ಪರದೆಯ ಹತ್ತಿರ ಬಂದು ಕೇಳಿದಳು:

"ಸರಿಯಾಗಿ ಮುಟ್ಟಿದ್ನಾ?"

"ಎದೆಗೆ ಒತ್ತಿ ಹಿಡ್ಕೊಂಡ. ನಿಮ್ಮವ್ವನೇ ಒತ್ತಿಸಿದ್ದು" ಎಂದೆ.

ಅವಳು ಕೂಸಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನಕ್ಕಳೋ ಅತ್ತಳೋ ಕೇಳಲು ಹೋಗಲಿಲ್ಲ. ನನಗಂತೂ ಅವತ್ತು ಆದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ನನ್ನ ಹೆಂಡತಿ ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ವರ್ಷಗಳು ಹೋದವು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಅಮಲ್ದಾರರು ಮಾತ್ರ ಹಾಗೇ ಕೈ ತೊಳೆದುಕೊಳ್ಳುತ್ತಿದ್ದರು. ರೀತಾ ಪರಮಪ್ರಸಾದದ ಪಾಠಕ್ಕೆ ನನ್ನ ಹತ್ತಿರವೇ ಬರುತ್ತಿದ್ದಳು. ಚುರುಕು ಹುಡುಗಿ, ನನ್ನ ತಪ್ಪನ್ನೂ ಹಿಡಿಯುತ್ತಿದ್ದಳು. ಇನ್ನಾಸಪ್ಪ ಅವಳಿಗೆ ಸಂತೆಯಿಂದ ಬತ್ತಾಸು ತಂದುಕೊಡುತ್ತಿದ್ದ. ಅವನಿಗೆ ಇಪ್ಪತ್ತೈದಾಗಿತ್ತು, ಬೇರೆ ಕಡೆಯಿಂದ ಹೆಣ್ಣು ಬಂದಾಗಲೆಲ್ಲ ಮಗ್ದಲಮ್ಮ ಓಡಿಸುತ್ತಿದ್ದಳು. ಆಮೇಲೆ ಆಕೆಗೆ ಉಬ್ಬಸ ಜೋರಾಯಿತು. ತಾನಿರುವಾಗಲೇ ದೊಡ್ಡವರ ಮುಂದೆ ಮಾತು ಗಟ್ಟಿ ಮಾಡಿಬಿಡಬೇಕೆಂದು ಒಂದು ದಿನ ಪೂಜೆ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ವೀಳ್ಯ, ತೆಂಗಿನಕಾಯಿ, ಒಂದು ದೊಡ್ಡ ಚಕ್ಕೋತ ಹಣ್ಣು ಇಟ್ಟುಕೊಂಡು ಮಗ, ಮಗಳು, ಮೊಮ್ಮಗಳನ್ನು ಕರೆದುಕೊಂಡು ಬಂದಳು.

ಸ್ವಾಮಿಯವರ ಗಡ್ಡ ಬೆಳ್ಳಗಾಗಿತ್ತು. ಎಲ್ಲ ಕೇಳಿ ಇನ್ನಾಸಪ್ಪನನ್ನು ದಿಟ್ಟಿಸಿ ನೋಡಿದರು.

"ನೀನು ಎತ್ತು ಕಥೋಲಿಕ ಅಲ್ಲ ಎಂದವನಲ್ಲವೇ?"

"ಹೂಂ ಸ್ವಾಮಿ" ಎಂದು ಅವನು ಹಲ್ಲು ಬಿಟ್ಟ.

"ಹಾಗಾದರೆ ಈ ಹುಡುಗಿ ನಿನ್ನ ಜ್ಞಾನಪುತ್ರಿ. ತಂದೆಯು ಮಗಳನ್ನು ಮದುವೆಯಾಗುವನೇ? ಮಾವನೆಂಬ ಒಂದು ಅಡ್ಡಿಗಾದರೆ ಹಲ್ಲು ಕಚ್ಚಿ ಬರೆಯುತ್ತಿದ್ದೆನೋ ಏನೋ. ಇದಕ್ಕೆ ಬರೆಯುವುದಿಲ್ಲ. ಹೋಗಿರಿ."

ಇನ್ನಾಸಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಹಂಗಾದ್ರೆ ನಾನು ಬೇರೆ ಕಡೆ ನೋಡ್ಕೋಬೌದಾ ಸ್ವಾಮಿ?" ಎಂದ. ಅವನ ಮುಖದಲ್ಲಿ ಬಂದ ಕಳೆ ನೋಡಿದರೆ ಎಲ್ಲೋ ಆಗಲೇ ನೋಡಿಕೊಂಡಿದ್ದನೆಂದು ಕಾಣುತ್ತದೆ.

ಮಗ್ದಲಮ್ಮ ತಟ್ಟೆ ಎತ್ತಿಕೊಂಡಳು. ಹೊರಗೆ ಬಂದು ಹೊಂಗೆಮರದ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ನಾನು ನೀರು ತಂದುಕೊಟ್ಟೆ. ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. ತೆರೇಜಮ್ಮ ಸ್ವಲ್ಪ ದೂರದಲ್ಲಿ ರೀತಾಳ ಕೈ ಹಿಡಿದುಕೊಂಡು ನಿಂತಿದ್ದಳು.

"ನಾನೇ ಮುದ್ದೆ ಕಿತ್ತಿಟ್ಟು ಮಂತ್ರ ಕಲಿಸ್ದೆ. ನಾನೇ ಅವನ ಕೈ ಹಿಡಿದು ಮುಟ್ಟಿಸ್ದೆ" ಎಂದಳು ಮಗ್ದಲಮ್ಮ. ಆಮೇಲೆ ತಲೆಯೆತ್ತಿ, "ನಿಂಗೆ ಗೊತ್ತಿತ್ತು."

"ಗೊತ್ತಿತ್ತಮ್ಮ."

"ಅವ್ಳಿಗೂ ಗೊತ್ತಿತ್ತು."

ನಾನು ತೆರೇಜಮ್ಮನ ಕಡೆ ನೋಡಲಿಲ್ಲ. ಮಗ್ದಲಮ್ಮ ನೋಡಿದಳು, ಬಹಳ ಹೊತ್ತು ನೋಡಿದಳು. ಮಗಳು ಕಣ್ಣು ತಗ್ಗಿಸಲಿಲ್ಲ. ಆಮೇಲೆ ಮುದುಕಿ ತಟ್ಟೆಯಿಂದ ಚಕ್ಕೋತ ತೆಗೆದು ರೀತಾಳನ್ನು ಕರೆದು ಕೊಟ್ಟಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಓಡಿದಳು.

"ಈ ಕಾನೂನು ನನ್ನ ಕಾಲದಲ್ಲೂ ಇತ್ತಾ ಉಪದೇಶಪ್ಪ?"

"ಇತ್ತಮ್ಮ. ಇನ್ನೂ ಬಿಗಿಯಾಗೇ ಇತ್ತು."

ಆಕೆ ತಟ್ಟೆಯ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕೂತಳು.

"ನಾನು ಹುಟ್ಟಿದಾಗ ನನ್ನ ಎತ್ಕೊಳ್ಳಕ್ಕೆ ನಮ್ಮ ಮಾವನೇ ಬಂದಿದ್ನಂತೆ. ದೇವಾಲಯದ ಬಾಗ್ಲವರೆಗೂ ಬಂದಿದ್ನಂತೆ. ಆಗಿನ ಉಪದೇಶಿ ನಮ್ಮವ್ವನ್ನ ಪಕ್ಕಕ್ಕೆ ಕರೆದು ಏನೋ ಹೇಳಿ ಅವನನ್ನ ಬಿಡಿಸಿ ಬೇರೆ ಯಾರನ್ನೋ ನಿಲ್ಲಿಸಿದ್ನಂತೆ. ಏನು ಹೇಳ್ದ ಅಂತ ನಮ್ಮವ್ವ ಸಾಯೋವರೆಗೂ ಹೇಳ್ಲಿಲ್ಲ. ಇವತ್ತು ಗೊತ್ತಾಯ್ತು." ಉಸಿರು ಎಳೆದುಕೊಂಡು ನನ್ನ ಮುಖ ನೋಡಿದಳು. "ಆಗಿನ ಉಪದೇಶಿ ನಿಮ್ಮ ತಾತ ಅಲ್ವೇನಪ್ಪ? ಅವರೂ ನಿನ್ನಂಗೇ ಬಾಯಿ ಮುಚ್ಕೊಂಡಿರಬಾರದಿತ್ತಾ?"

ಈಚಿನ ಹೊಸ ಕಾನೂನಿನಲ್ಲಿ ಆ ಅಡ್ಡಿಯನ್ನೇ ತೆಗೆದುಹಾಕಿದ್ದಾರಂತೆ. ತೆಗೆಯಲಿ, ಅದರ ಕೆಲಸ ಅದು ಮಾಡಿಯಾಗಿದೆ. ಅವತ್ತು ಮಗ್ದಲಮ್ಮನನ್ನು ಕೈ ಹಿಡಿದು ಎಬ್ಬಿಸಿ, ಅವಳ ತಟ್ಟೆಯನ್ನು ನಾನೇ ಹಿಡಿದುಕೊಂಡು ಮನೆಯವರೆಗೆ ನಡೆದೆ.